ತೆರೆದವರೇ ಮುಚ್ಚತಕ್ಕದ್ದು

ಪೈನ್‌ಲಿಕ್ ಎಂಬ ಗುಡ್ಡದ ಸೀಮೆಯ ಕೌಂಟಿ ಕಚೇರಿಯ ಮೇಲ್ಮಹಡಿಯಲ್ಲಿ ಒಂದು ಜೇಬುಚಾಕು ಕೆಲಸದ ದಿನಗಳಲ್ಲೂ ರಜಾ ದಿನಗಳಲ್ಲೂ ಅಲಗು ಹೊರಗಿಟ್ಟುಕೊಂಡೇ ಇರುತ್ತದೆ. ಸದರಿ ಚಾಕು ಹೀಗೆ ತೆರೆದಿರುವುದು ಕಾನೂನಿಗೂ ಪದ್ಧತಿಗೂ ವಿಮಾ ಕಂಪನಿಯ ಷರತ್ತಿಗೂ ಅನುಗುಣವಾಗಿಯೇ ಇದೆ ಎಂದು ಬಾಗಿಲ ಮೇಲೆ ಬರೆದು ಹಾಕಿದ್ದಾರೆ. ಆದರೂ ಹೊರಗಿನಿಂದ ಬಂದವರು ಕೆಲವರು "ಇದನ್ಯಾಕ್ರೀ ಮುಚ್ಚಿಲ್ಲ?" ಎಂದು ಕೇಳಿಬಿಡುತ್ತಾರೆ. ಅಂಥವರ ತಿಳಿವಳಿಕೆಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಬೇಕಾಗಿ ಬಂದಿದೆ.

ಚಾಕು ಆರ್ಲಿ ಫ್ಯೂಗೇಟನದು. ಆರ್ಲಿ ಆ ಕಟ್ಟಡದ ಉಸ್ತುವಾರಿಯವನು. ಬಾಯ್ಲರಿಗೆ ಬೆಂಕಿ ಹಾಕುವುದು, ಮೆಟ್ಟಿಲು ಗುಡಿಸುವುದು, ಬಂದ ಪೆಟ್ಟಿಗೆಗಳನ್ನು ಬಿಚ್ಚಿಡುವುದು ಅವನ ಕೆಲಸ. ಹರೆಯದಲ್ಲಿ ಮರದ ಮಿಲ್ಲಿನ ಗರಗಸ ಅವನ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತ್ತು. ಇದಕ್ಕೆ ಯಾರಾದರೂ ಅಯ್ಯೋ ಪಾಪ ಅಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಡಚುವ ಚಾಕು ಬಿಚ್ಚಲು ಎರಡು ಕೈ ಬೇಕು, ಹಲ್ಲಾದರೂ ಬೇಕು. ಆರ್ಲಿಯ ಚಾಕು ಅಂಥದ್ದಲ್ಲ. ಬೆರಳುದ್ದದ ಹಿಡಿ, ಪಕ್ಕದಲ್ಲೊಂದು ಗುಂಡಿ. ಹೆಬ್ಬೆರಳಲ್ಲಿ ಮುಂದೆ ತಳ್ಳಿದರೆ ಅಲಗು ಹಿಡಿಯ ಮೂತಿಯಿಂದ ಚಟ್ಟನೆ ನೆಟ್ಟಗೆ ಹೊರಬರುತ್ತಿತ್ತು. ಹಿಂದಕ್ಕೆ ಎಳೆದರೆ ಬಂದ ದಾರಿಯಲ್ಲೇ ಒಳಗೆ. ಅದು ಜೇಬಿನಲ್ಲಿ ಇರುವಷ್ಟು ದಿನ ಆರ್ಲಿ ಯಾರ ಹಂಗಿನಲ್ಲೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಕೌಂಟಿ ಕಮಿಷನರ್ ಬ್ಯೂಫರ್ಡ್ ಟ್ಯಾಕೆಟರಿಗೆ ನೌಕರರ ಜೇಬುಗಳ ಬಗ್ಗೆ ಚಿಂತೆ ಹತ್ತಿತು. ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ಚಾಕು! ಆಡಳಿತ ಅಂದಮೇಲೆ ಒಂದು ಶಿಸ್ತು ಬೇಡವೇ? ತತ್ಪರಿಣಾಮವಾಗಿ, ದಿನನಿತ್ಯ ಜೇಬಿನಲ್ಲಿ ಒಯ್ಯತಕ್ಕ, ಅಡಕವಾದ, ಮುಂದಕ್ಕೆ ಚಿಮ್ಮುವ ಆಟೋಮ್ಯಾಟಿಕ್ ಚಾಕುವಿನ ಆಯ್ಕೆ ಸಮಿತಿ ರಚನೆಯಾಯಿತು. ಆಯ್ಕೆ ಮುಗಿಯುವವರೆಗೆ ನೌಕರರು ತಮ್ಮ ಸ್ವಂತ ಚಾಕುಗಳನ್ನು ಕಚೇರಿಯ ತಿಜೋರಿಯಲ್ಲಿ ಇಡತಕ್ಕದ್ದು ಎಂದು ಆದೇಶವೂ ಹೊರಟಿತು. ಅಂಥ ಚಾಕು ಮಾರುವವನು ಟ್ಯಾಕೆಟರ ಅಳಿಯ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

"ನೋಡ್ರಪ್ಪಾ, ಅಳಿಯ ಅಂತ ನಾನು ತಗೋತಿಲ್ಲ," ಎಂದು ಟ್ಯಾಕೆಟ್ ಮೊದಲ ಸಭೆಯಲ್ಲೇ ಎದೆ ಮುಟ್ಟಿ ಹೇಳಿದರು. "ಚಾಕು ಒಳ್ಳೇದು. ಮಾರೋನು ನನ್ನ ಅಳಿಯ ಆದ್ರೆ ಅದು ಚಾಕುವಿನ ತಪ್ಪಾ?"

ಚಾಕುವಿನ ತಪ್ಪಲ್ಲ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಆರ್ಲಿ ತನ್ನ ಚಾಕು ಕೊಡಲು ಸುತರಾಂ ಒಪ್ಪಲಿಲ್ಲ. ತಿಜೋರಿಯ ಬೀಗದ ಕೈ ಇದ್ದದ್ದು ಕಾರ್ಯದರ್ಶಿ ವರ್ಲೀನಳ ಹತ್ತಿರ. ಅವಳು ಅವನ ಅಣ್ಣನ ಹೆಂಡತಿ. ಆ ಕಚೇರಿಯಲ್ಲಿ ಯಾರಿಗೂ ಏನೂ ಆಗಬೇಕಾಗಿಲ್ಲದವನು ಅಂದರೆ ಅಂಚೆಯವನೊಬ್ಬನೇ.

"ಅತ್ತಿಗೆ, ನನ್ನದನ್ನ ಬಿಟ್ಬಿಡಿ. ನಂಗೆ ಇರೋದೇ ಒಂದು ಕೈ."

"ಆದೇಶದಲ್ಲಿ ಕೈ ಲೆಕ್ಕ ಇಲ್ಲ ಕಣೋ. ಕೊಡು ಇಲ್ಲಿ. ಎರಡು ವಾರದಲ್ಲಿ ವಾಪಸ್ ಬರುತ್ತೆ."

"ಸಮಿತೀಲಿ ನಂದೂ ಒಂದು ಮಾತು ಕೇಳ್ತಾರಾ? ಮೀಸೆ ಬಂದಾಗಿಂದ ಇದೇ ಥರದ್ದು ಇಟ್ಕೊಂಡಿದೀನಿ."

"ಕೇಳಿದೆ ಕಣೋ. ಬಳಸಿದವರ ಅಭಿಪ್ರಾಯ ಪಕ್ಷಪಾತದಿಂದ ಕೂಡಿರುತ್ತೆ ಅಂದ್ರು."

ಚಾಕು ತಿಜೋರಿ ಸೇರಿತು. ಮೊದಲ ದಿನ ಮಧ್ಯಾಹ್ನವೇ ಆರ್ಲಿಗೆ ಬಿಸಿ ತಟ್ಟಿತು. ಬೀನ್ಸ್ ಸಾರು, ಜೋಳದ ರೊಟ್ಟಿ ಹೇಗೋ ಮುಗಿಯಿತು. ಆಮೇಲೆ ಸೇಬು. ಅದನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತಿದ್ದವನ ಎದುರಿಗೆ ವರ್ಲೀನ್ ಬಂದು, "ಕೊಡು ಪುಟ್ಟಾ, ನಾನು ಹೆಚ್ಚಿ ಕೊಡ್ತೀನಿ," ಅಂದಳು. ಕಚೇರಿಯ ಬೆಣ್ಣೆ ಚಾಕುವಿನಲ್ಲಿ ಅದನ್ನು ಕೊಯ್ದು, ಬೀಜ ತೆಗೆದು, ಚೂರು ಮಾಡಿ ತಟ್ಟೆಗೆ ಹಾಕಿದಳು. ಪ್ರೀತಿಯಿಂದಲೇ ಮಾಡಿದಳು, ಅದೇ ತೊಂದರೆ. ಐವತ್ತು ದಾಟಿದ ಗಂಡಸು ತಲೆ ತಗ್ಗಿಸಿಕೊಂಡು ಎಲ್ಲರೆದುರು ಚೂರು ಚೂರು ಸೇಬು ತಿಂದ. ಅವಮಾನಕ್ಕೆ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಅವನಿಗೆ ಬೇಕಾದದ್ದು ಒಂದೇ, ತನ್ನ ಚಾಕು ತನ್ನ ಜೇಬಿಗೆ ಬರಬೇಕು.

ಸಮಿತಿ ಮಾತ್ರ ಆತುರ ಮಾಡಲಿಲ್ಲ. ಅಲಗು ಅಂಗೈ ಅಗಲಕ್ಕಿಂತ ಉದ್ದವಿರಬಾರದು ಎಂದಾಯಿತು. ಯಾರ ಅಂಗೈ? ಇದರ ಮೇಲೆ ಎರಡು ಸಭೆ ನಡೆದು, ಕೊನೆಗೆ ವರ್ಲೀನಳ ಅಂಗೈಯನ್ನೇ ಕೌಂಟಿಯ ಅಧಿಕೃತ ಅಳತೆಯೆಂದು ಗೊತ್ತುಮಾಡಿ, ಅಳೆಯುವ ದಿನಗಳಲ್ಲಿ ಆಕೆ ರಜೆ ಹಾಕತಕ್ಕದ್ದಲ್ಲ ಎಂದು ಷರಾ ಬರೆದರು. ಹಿಡಿಯ ಮೇಲಿನ ಕ್ಲಿಪ್ಪು ಜೇಬಿನ ಅಂಚನ್ನು ಬಿಗಿಯಾಗಿ ಕಚ್ಚಬೇಕು, ಆದರೆ ಟ್ರಕ್ಕಿನ ಸೀಟು ಹರಿಯಬಾರದು. ಅಲಗು ಹೊರಬರುವ ಸದ್ದು ಭಾನುವಾರ ಚರ್ಚಿನಲ್ಲಿ ಪಕ್ಕದವರಿಗೆ ಕೇಳಿಸಬಾರದು, ಕಾಡಿನಲ್ಲಿ ಕರಡಿಗೆ ಕೇಳಿಸಬೇಕು. ಈ ಎರಡನ್ನೂ ಪರೀಕ್ಷಿಸಲು ಉಪಸಮಿತಿಯೊಂದು ಮೊದಲು ಚರ್ಚಿಗೂ ಆಮೇಲೆ ಕಾಡಿಗೂ ಹೋಗಿ ಬಂತು. ಕರಡಿಯ ಅಭಿಪ್ರಾಯ ಸಿಗಲಿಲ್ಲವಾದ್ದರಿಂದ ಒಪ್ಪಿಗೆಯಿದೆಯೆಂದು ಭಾವಿಸಲಾಯಿತು.

ಅಂತಿಮ ಪ್ರದರ್ಶನದ ದಿನ ಬಂತು. ಟ್ಯಾಕೆಟ್ ಅಳಿಯನ ಮಾದರಿ ಚಾಕುವನ್ನು ಜೇಬಿನಿಂದ ತೆಗೆದು, ಎತ್ತಿ ಹಿಡಿದು, ಗುಂಡಿ ತಳ್ಳಿದರು. ಅಲಗು ಅರ್ಧ ಬಂದು, ದಣಿದ ನಾಯಿಯ ನಾಲಗೆಯ ಹಾಗೆ ಜೋಲಾಡಿತು. ಹೊಗೆಸೊಪ್ಪು ಇಟ್ಟುಕೊಳ್ಳುವ ಜೇಬಿನಲ್ಲೇ ಅದನ್ನೂ ಇಟ್ಟುಕೊಂಡಿದ್ದರು. ಸೊಪ್ಪಿನ ಪುಡಿ ಒಳಗೆಲ್ಲ ಸೇರಿತ್ತು.

"ತೊಂದ್ರೆ ಇಲ್ಲ," ಎಂದರು ಟ್ಯಾಕೆಟ್. "ನಮ್ಮ ಆರ್ಲಿದೂ ಇದೇ ಜಾತಿ ಚಾಕು. ವರ್ಲೀನ್, ಅದನ್ನ ತಗೊಂಬಾ. ತತ್ವ ಒಂದೇ ತಾನೇ?"

ಆರ್ಲಿಯ ಚಾಕು ತಿಜೋರಿಯಿಂದ ಬಂತು. ಟ್ಯಾಕೆಟರ ಹೆಬ್ಬೆರಳು ತಳ್ಳಿತು. ಚಟ್! ಸಭೆ "ಆಹಾ" ಎಂದಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಆರ್ಲಿಯ ಎದೆ ಉಬ್ಬಿತು. ಇದೇ ಗಳಿಗೆಯಲ್ಲಿ ಕೆಳಗಿನಿಂದ ಯಾರೋ ಕೂಗಿ ಹೇಳಿದರು, ರಾಜಧಾನಿಯಿಂದ ಲೆಕ್ಕ ತಪಾಸಣೆಯವರು ಬಂದಿದ್ದಾರೆ, ಚಾಕುವಿನ ದರ ಕೇಳುತ್ತಿದ್ದಾರೆ ಎಂದು. ಟ್ಯಾಕೆಟ್ ಚಾಕುವನ್ನು ಮೇಜಿನ ಮೇಲಿಟ್ಟು, ಫ್ಲಾರಿಡಾದಲ್ಲಿರುವ ತಂಗಿಯ ಮೊಣಕಾಲಿಗೆ ಈಗಿಂದೀಗಲೇ ತಮ್ಮ ಅಗತ್ಯ ಬಿದ್ದಿದೆಯೆಂದು ತಿಳಿಸಿ, ಹಿಂದಿನ ಮೆಟ್ಟಿಲಿನಿಂದ ಇಳಿದು ಹೋದರು.

ಚಾಕು ತೆರೆದೇ ಉಳಿಯಿತು.

ಈಗ ಆ ಗುಡ್ಡದ ಸೀಮೆಯ ಒಂದು ಪದ್ಧತಿ ಹೇಳಬೇಕು. ಒಬ್ಬರು ತೆರೆದ ಚಾಕುವನ್ನು ಇನ್ನೊಬ್ಬರು ಮುಚ್ಚುವ ಹಾಗಿಲ್ಲ. ತೆರೆದು ಕೊಟ್ಟರೆ ತೆರೆದೇ ಹಿಂದಿರುಗಿಸಬೇಕು. ಮುಚ್ಚಿದರೆ ಗ್ರಹಚಾರ ಬಂದು ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮಾವನ ಚಾಕು ಮುಚ್ಚಿದವನ ಹೇಸರಗತ್ತೆ ಮಾರನೆಯ ದಿನವೇ ಕಾಲು ಚಾಚಿದ್ದು, ಅಪ್ಪನ ಚಾಕು ಮುಚ್ಚಿದವಳ ಮದುವೆ ಮುರಿದದ್ದು ಎಲ್ಲರಿಗೂ ಗೊತ್ತು. ಚಾಕುವಿನ ಒಡೆಯ ಯಾರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಲೂಯಿವಿಲ್ ಪಟ್ಟಣದಿಂದ ಹೊಸದಾಗಿ ಬಂದಿದ್ದ ಸರ್ಕಾರಿ ವಕೀಲನೊಬ್ಬ, "ಅಯ್ಯೋ, ಇಷ್ಟೇ ತಾನೇ," ಎಂದು ಕೈ ಚಾಚಿದ. ಇಡೀ ಸಮಿತಿ ಅವನ ತೋಳು ಹಿಡಿದು ಹಿಂದಕ್ಕೆಳೆಯಿತು. ಆರ್ಲಿಯೂ ಎಳೆದ.

"ನಿಂದೇ ಚಾಕು ಅಲ್ವೇನಯ್ಯಾ? ನೀನಾದ್ರೂ ಮುಚ್ಚು!" ಎಂದ ವಕೀಲ.

"ತೆರೆದೋರು ನಾನಲ್ವಲ್ಲ ಸ್ವಾಮಿ," ಎಂದ ಆರ್ಲಿ. ಹೇಳುತ್ತ ಚಾಕುವಿನ ಗುಂಡಿಯನ್ನೇ ನೋಡಿದ. ಒಂದು ಹೆಬ್ಬೆರಳಿನ ಎಳೆತ, ಅಷ್ಟೇ. ಆದರೆ ಇನ್ನೂ ಒಂದು ಕೈ ಉಳಿದಿದೆ, ಅದನ್ನು ಗ್ರಹಚಾರದ ಬಾಯಿಗೆ ಕೊಡುವ ಧೈರ್ಯ ಅವನಿಗಿರಲಿಲ್ಲ.

ಪ್ರದರ್ಶನ ಎಂದರೆ ತೆರೆಯುವುದು ಮತ್ತು ಮುಚ್ಚುವುದು ಎಂದು ನಿಯಮದಲ್ಲಿತ್ತು. ಮುಚ್ಚುವುದು ಬಾಕಿ. ಪ್ರದರ್ಶನ ಮುಗಿಯದೆ ಆಯ್ಕೆಯಿಲ್ಲ, ಆಯ್ಕೆಯಾಗದೆ ತಿಜೋರಿಯ ಚಾಕುಗಳು ಹಿಂದಿರುಗುವಂತಿಲ್ಲ. ಇತ್ತ ತೆರೆದ ಅಲಗನ್ನು ಕಾವಲಿಲ್ಲದೆ ಬಿಡಬಾರದೆಂದು ವಿಮಾ ಕಂಪನಿ ಪಟ್ಟು ಹಿಡಿಯಿತು. ಹಾಗಾಗಿ ವರ್ಲೀನ್ ಈ ಪ್ರಕಟಣೆಯನ್ನು ಗೋಡೆಗೆ ಅಂಟಿಸಿದಳು:

"ಈ ಮೂಲಕ ಸರ್ವರಿಗೂ ತಿಳಿಸುವುದೇನೆಂದರೆ, ತೆರೆದ ಚಾಕುವಿನ ಪಾಲಕರನ್ನಾಗಿ ಶ್ರೀ ಆರ್ಲಿ ಫ್ಯೂಗೇಟ್ ಇವರನ್ನು ನೇಮಿಸಲಾಗಿದೆ. ಇವರಿಗೆ ಒಂದೇ ಕೈ ಇರುವುದರಿಂದ ಗಾಯದ ಸಂಭವ ಅರ್ಧಕ್ಕೆ ಇಳಿಯುತ್ತದೆ. ಚಾಕುವನ್ನು ನೋಡಬಹುದು. ಮೇಜಿನಿಂದ ಆಚೆ ಒಯ್ಯತಕ್ಕದ್ದಲ್ಲ. ಮುಚ್ಚತಕ್ಕದ್ದಲ್ಲ."

ಹೀಗೆ ಆರ್ಲಿ ತನ್ನ ಚಾಕುವಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಸಂಬಳವೂ ಒಂದಿಷ್ಟು ಏರಿತು. ಕಣ್ಣೆದುರಿಗೇ ಚಾಕು, ಜೇಬು ಖಾಲಿ. ಮಧ್ಯಾಹ್ನ ವರ್ಲೀನ್ ಸೇಬು ಹೆಚ್ಚಿ ತರುತ್ತಿದ್ದಳು. ಅವನು ಕಿಟಕಿಯಾಚೆ ನೋಡುತ್ತ ನುಂಗುತ್ತಿದ್ದ.

ಚಳಿ ಇಳಿದಾಗ ಬಾಯ್ಲರು ಕೆಟ್ಟಿತು. ಬದಲಿ ಭಾಗ ಬಂದಿತ್ತು, ಪ್ಲಾಸ್ಟಿಕ್ ಪಟ್ಟಿ ಬಿಗಿದ ಪೆಟ್ಟಿಗೆಯೊಳಗೆ. ಬಿಚ್ಚಲು ಅಧಿಕೃತ ಚಾಕು ಯಾರಲ್ಲೂ ಇಲ್ಲ. ಬೆಣ್ಣೆ ಚಾಕು ಬೆಣ್ಣೆಗೂ ಸೇಬಿಗೂ ಮಾತ್ರ ಮಂಜೂರಾಗಿತ್ತು. ಕೋಟು ಹಾಕಿಕೊಂಡು ನಡುಗುತ್ತ ಕಚೇರಿ ವಾರ ಕಳೆಯಿತು. ಕೊನೆಗೆ ವರ್ಲೀನ್ ಪೆಟ್ಟಿಗೆಯನ್ನು ಎಳೆದುಕೊಂಡು ಮಹಡಿ ಹತ್ತಿ ಬಂದಳು.

"ಆರ್ಲಿ, ಚಾಕು ಪೆಟ್ಟಿಗೆ ಹತ್ರ ಹೋಗೋ ಹಾಗಿಲ್ಲ ಸರಿ. ಪೆಟ್ಟಿಗೆ ಚಾಕು ಹತ್ರ ಬರಬಾರದು ಅಂತ ಎಲ್ಲಾದ್ರೂ ಇದ್ಯಾ?"

"ಇಲ್ಲ ಅತ್ತಿಗೆ."

ಆರ್ಲಿ ಸಾಮಾನು ಕಚ್ಚಿ ಹಿಡಿಯುವ ಕಬ್ಬಿಣದ ವೈಸನ್ನು ಕೆಳಗಿನಿಂದ ತಂದು ಮೇಜಿಗೆ ಬಿಗಿದು, ಅದರ ಬಾಯಿಗೆ ಚಾಕುವಿನ ಹಿಡಿ ಕಚ್ಚಿಸಿದ. ಪೆಟ್ಟಿಗೆಯನ್ನು ಅಲಗಿಗೆ ಒತ್ತಿ ಎಳೆದರು. ಪಟ್ಟಿ ಹರಿಯಿತು, ಬಾಯ್ಲರು ಉರಿಯಿತು. ಸುದ್ದಿ ಸಂಜೆಯೊಳಗೆ ಕಣಿವೆಯನ್ನೆಲ್ಲ ಸುತ್ತಿತು.

ಮಾರನೆಯ ದಿನದಿಂದ ಜನ ಬರತೊಡಗಿದರು. ನೌಕರರು ಹಗ್ಗ, ಚೀಲ, ಪೈಪು ತಂದರು. ಅಂಗಳದ ಬೆಂಚಿನ ಮೇಲೆ ಕೂತು ಹೊತ್ತು ಕಳೆಯಲು ದೇವದಾರು ಕಡ್ಡಿ ಹೆರೆಯುವ ಮುದುಕರಿಗೆ ಆದೇಶ ಅನ್ವಯಿಸುತ್ತಿರಲಿಲ್ಲ, ಅವರ ಚಾಕುಗಳು ಅವರ ಜೇಬಿನಲ್ಲೇ ಇದ್ದವು. ಆದರೂ ಸರ್ಕಾರಿ ಚಾಕು ಪುಕ್ಕಟೆ ಎಂದು ಮಹಡಿ ಹತ್ತಿ ಬಂದು, ಚಾಕು ಅಲುಗದ ಹಾಗೆ ಕಡ್ಡಿಯನ್ನೇ ಅತ್ತಿತ್ತ ಆಡಿಸಿ ಹೆರೆದರು. ಹುಟ್ಟುಹಬ್ಬದ ಕೇಕು ಬಂತು, ಹೊಲಿಗೆ ಬಿಚ್ಚಬೇಕಾದ ದಿಂಬು ಬಂತು. ಟೋಕನ್ ಪದ್ಧತಿ ಜಾರಿಗೆ ಬಂತು. ಆರ್ಲಿ ಮೇಜಿನ ಹಿಂದೆ ಕೂತು ಎಲ್ಲರಿಗೂ ಹೇಳುತ್ತಿದ್ದ: "ಗಟ್ಟಿಯಾಗಿ ಹಿಡ್ಕೊಳ್ಳಿ. ಹಾಂ, ನಿಧಾನ. ಆಗ್ಲಿಲ್ವಾ? ಬಿಡಿ, ನಾನು ಹಿಡ್ಕೋತೀನಿ." ಅಲುಗದ ಅಲಗಿಗೆ ಒಂದು ಕೈ ಧಾರಾಳವಾಗಿ ಸಾಕು ಎಂಬುದು ಅವನಿಗೆ ಗೊತ್ತಾದದ್ದೂ ಆಗಲೇ. ಅದು ಗೊತ್ತಾದ ದಿನ ಮಧ್ಯಾಹ್ನ ಸೇಬನ್ನು ತಾನೇ ಒತ್ತಿ, ತಿರುಗಿಸಿ, ನಾಲ್ಕು ಹೋಳು ಮಾಡಿಕೊಂಡು ತಿಂದ. ಒಂದು ಹೋಳನ್ನು ವರ್ಲೀನಳಿಗೂ ಕೊಟ್ಟ.

ವಸಂತದಲ್ಲಿ ಲೆಕ್ಕ ತಪಾಸಣೆಯವರು ದಣಿದು ಹೋದಮೇಲೆ, ತಂಗಿಯ ಮೊಣಕಾಲು ವಾಸಿಯಾಗಿ ಟ್ಯಾಕೆಟ್ ಹಿಂದಿರುಗಿದರು. ಅಳಿಯನ ಹೊಸ ಚಾಕುಗಳ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡೇ ಮಹಡಿ ಹತ್ತಿದರು. ಸಾಲು ನೋಡಿ ಕಕ್ಕಾಬಿಕ್ಕಿಯಾದರು. ವಿಷಯ ತಿಳಿದಮೇಲೆ ನೇರ ಮೇಜಿಗೆ ಬಂದು, ಪೆಟ್ಟಿಗೆ ಕೆಳಗಿಟ್ಟು, ಚಾಕುವಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು.

"ಮುಚ್ಚಲೇನೋ ಆರ್ಲಿ? ತೆರೆದೋನು ನಾನೇ. ಒಂದ್ ಸಲ ಎಳೆದ್ರೆ ನಿನ್ ಚಾಕು ನಿನ್ ಜೇಬಿಗೆ."

ಚಳಿಗಾಲವಿಡೀ ಆರ್ಲಿ ಕಾದದ್ದು ಈ ಮಾತಿಗೇ. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಸಾಲು ಕತ್ತು ಚಾಚಿತು. ಮುಂದೆ ದಿಂಬು ತಬ್ಬಿಕೊಂಡ ಅಜ್ಜಿ, ಹಿಂದೆ ಕಡ್ಡಿ ಹಿಡಿದ ಮುದುಕರು, ಅವರ ಹಿಂದೆ ರಸ್ತೆ ಇಲಾಖೆಯ ಗಟ್ಟಿಮುಟ್ಟಾದ ಆಳುಗಳು. ಎರಡೆರಡು ಕೈಯಿದ್ದ ಅಷ್ಟೂ ಜನ ಒಂದು ಕೈಯವನ ಮುಖ ನೋಡುತ್ತ ನಿಂತಿದ್ದರು. ನಾಳೆ ಚಾಕು ಜೇಬಿಗೆ ಬಂದರೆ ಈ ಮೇಜು, ಈ ಕುರ್ಚಿ? ಮತ್ತೆ ಮೆಟ್ಟಿಲು ಗುಡಿಸುತ್ತ, "ಪಾಪ, ಕೊಡಪ್ಪಾ ನಾನು ಹಿಡ್ಕೋತೀನಿ" ಎಂಬ ಮಾತು ಕೇಳುತ್ತ ಇರುವುದು. ಆರ್ಲಿ ಕೈಯನ್ನು ಜೇಬಿನಿಂದ ತೆಗೆದ.

"ಕೈ ತೆಗೀರಿ ಸಾಹೇಬ್ರೇ," ಎಂದ. "ಸಾಲಲ್ಲಿ ಬನ್ನಿ. ಟೋಕನ್ ಅಲ್ಲಿ ಕೊಡ್ತಾರೆ."

ಟ್ಯಾಕೆಟ್ ವರ್ಲೀನಳ ಕಡೆ ನೋಡಿದರು. ವರ್ಲೀನ್ ಟೋಕನ್ ಕೊಟ್ಟಳು.

ಅವರ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಪೆಟ್ಟಿಗೆ ಭಾರ. ಅದನ್ನು ಅಲಗಿನ ಎತ್ತರಕ್ಕೆ ಎತ್ತಿದರೆ ಎಳೆಯಲಾಗದು, ಎಳೆಯಹೋದರೆ ಜಾರುತ್ತದೆ. ಟ್ಯಾಕೆಟ್ ಎರಡು ಕೈಯಲ್ಲೂ ಒದ್ದಾಡಿ, ಮುಖವೆಲ್ಲ ಕೆಂಪಾಗಿ, "ಒಬ್ಬನ ಕೈಲಿ ಆಗಲ್ವೋ ಆರ್ಲಿ, ಸ್ವಲ್ಪ ಹಿಡ್ಕೊಳ್ಳೋ," ಎಂದರು.

"ಕೊಡಿ ಪುಟ್ಟಾ," ಎಂದ ಆರ್ಲಿ, ಪ್ರೀತಿಯಿಂದಲೇ.

ಪೆಟ್ಟಿಗೆ ತೆರೆಯಿತು. ಒಳಗಿದ್ದ ಹೊಚ್ಚಹೊಸ ಚಾಕುಗಳನ್ನು ಎಣಿಸಿ, ಅಳಿಯನ ಬಿಲ್ಲು ಮಂಜೂರು ಮಾಡಿ, ಆಯ್ಕೆ ಮುಗಿಯದ ಕಾರಣ ಅವುಗಳನ್ನೂ ತಿಜೋರಿಯಲ್ಲಿಟ್ಟು ಬೀಗ ಹಾಕಲಾಯಿತು. ಅದೇ ಸಂಜೆ ಹೊಸ ನಿಯಮವೂ ಬಾಗಿಲ ಮೇಲೆ ಬಂತು: ದಿನನಿತ್ಯ ಚಾಕುವನ್ನು ಒಯ್ಯುವ ಬದಲು, ಸಾರ್ವಜನಿಕರು ದಿನನಿತ್ಯ ತಮ್ಮ ವಸ್ತುಗಳನ್ನು ಚಾಕುವಿನ ಬಳಿಗೆ ಒಯ್ಯತಕ್ಕದ್ದು. ಓದಿದ ಮುದುಕರು ತಲೆದೂಗಿದರು. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಟ್ಯಾಕೆಟರೂ ಆಶ್ಚರ್ಯಪಟ್ಟರು. ಆರ್ಲಿ ಸೇಬಿನ ಬೀಜ ಒರೆಸಿ ಅಲಗು ಚೊಕ್ಕ ಮಾಡಿ, ಮುಂದಿನವರನ್ನು ಕರೆದ.