ಏನಕ್ಕೂ ಬಾರದ ಗಿಡ

ನಮ್ಮ ಮನೆಯವರು ತಿನ್ನೋಕೆ ಬಾರದ, ಉಡೋಕೆ ಬಾರದ ವಸ್ತುವಿಗೆ ದುಡ್ಡು ಬಿಚ್ಚಿದ ದಿನ ಭದ್ರಾ ನದಿ ವಾಪಸ್ಸು ಕುದುರೆಮುಖ ಹತ್ತುತ್ತದೆ ಅಂತ ಹೇಳಿದವನು ನನ್ನ ಸೋದರಮಾವ ಸುಂದರ. ಕಳಸದ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಮಾವ, ರಜೆ ಸಿಕ್ಕಿದ ಭಾನುವಾರ ಮೂಡಿಗೆರೆಯ ನಮ್ಮ ಬಾಡಿಗೆ ಮನೆಗೆ ಊಟಕ್ಕೆ ಬರುತ್ತಿದ್ದ. ಬಂದವನು ಸುತ್ತ ಕಣ್ಣಾಡಿಸಿ, “ಅಕ್ಕಾ, ನಿನ್ನ ಮನೇಲಿ ಕಣ್ಣಿಗೆ ಅಂತ ಒಂದು ಸಾಮಾನಿಲ್ಲವಲ್ಲೇ. ಬಂದವರು ಗೋಡೆ ನೋಡ್ಕೊಂಡು ಕೂರಬೇಕು” ಅನ್ನುತ್ತಿದ್ದ. ಅವ್ವ ಒಳಗಿನಿಂದಲೇ, “ಗೋಡೆಗೇನಾಗಿದೆ? ಗಟ್ಟಿ ಇದೆ” ಅನ್ನುತ್ತಿದ್ದಳು. ಮಾವನ ಭವಿಷ್ಯವಾಣಿಯನ್ನು ಪೂರ್ತಿ ನಂಬುವಂತಿರಲಿಲ್ಲ ಅನ್ನಿ. ನಾನು ಬಿ.ಎ. ಪಾಸಾಗುವುದಿಲ್ಲ ಅಂತ ಹೇಳಿದವನೂ ಅವನೇ. ನಮ್ಮ ಕಡೆ ಏಳನೇ ಕ್ಲಾಸು ದಾಟಿದವರೇ ಇರಲಿಲ್ಲ, ಹಾಗಾಗಿ ಅವನದೂ ತಪ್ಪಲ್ಲ. ಎರಡು ಅಂಗಿಯಲ್ಲಿ ಮೂರು ವರ್ಷ ಕಳೆದು, ಇನ್ನೊಬ್ಬರ ಪುಸ್ತಕವನ್ನು ಅವರು ಊಟಕ್ಕೆ ಹೋದಾಗ ಓದಿ, ನಾನು ಪಾಸಾದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಆದರೆ ದುಡ್ಡಿನ ವಿಷಯದಲ್ಲಿ ಮಾವ ಹೇಳಿದ್ದು ಸುಳ್ಳಾಗುವ ಲಕ್ಷಣ ಎಲ್ಲೂ ಕಾಣುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮದು ಜಿಪುಣತನವಲ್ಲ, ಭಯ. ಜಿಪುಣನಿಗೆ ದುಡ್ಡು ಉಳಿಸುವುದರಲ್ಲಿ ಖುಷಿ ಇರುತ್ತದೆ. ನಮಗೆ ಆ ಖುಷಿಯೂ ಇರಲಿಲ್ಲ, ಖರ್ಚು ಮಾಡಿದರೆ ಏನೋ ಆಗಿಬಿಡುತ್ತದೆ ಅನ್ನುವ ನಡುಕ ಮಾತ್ರ ಇತ್ತು. ಏನಾಗುತ್ತದೆ ಅಂತ ಯಾರೂ ಕೇಳಿಕೊಂಡಿರಲಿಲ್ಲ. ಅಪ್ಪ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವನು, ಐವತ್ತು ಆಳನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದವನು, ಮಳೆ ಬಂದರೆ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದ. ಕಾಲು ನೆನೆದರೆ ಒರೆಸಬಹುದು, ಚಪ್ಪಲಿ ನೆನೆದರೆ ಹೊಸದು ತರಬೇಕು. ಟಾರ್ಚಿನ ಸೆಲ್ಲುಗಳು ವಾರಕ್ಕೊಮ್ಮೆ ಬಿಸಿಲು ಕಾಯಿಸುತ್ತಿದ್ದವು. ಸ್ನಾನದ ಸೋಪು ಕರಗಿ ಚೂರಾದರೆ ಅದನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುತ್ತಿದ್ದಳು ಅವ್ವ. ನಮ್ಮ ಸೋಪಿಗೆ ಯಾವಾಗಲೂ ಒಂದು ಗೂನು. ನನ್ನ ಡಿಗ್ರಿ ಸರ್ಟಿಫಿಕೇಟು ಬಂದಾಗ ಅದಕ್ಕೆ ಕಟ್ಟು ಹಾಕಿಸೋಣ ಅಂತ ಫೋಟೋ ಕಟ್ಟಿನ ಅಂಗಡಿಗೆ ಹೋಗಿದ್ದೆ. ರೇಟು ಕೇಳಿದೆ, “ಗಾಜು ಬೇಕಾ ಸಾರ್?” ಅಂದ. ಗಾಜಿಲ್ಲದೆ ಎಷ್ಟು ಅಂದೆ, ಹೇಳಿದ. ಕಟ್ಟಿಲ್ಲದೆ ಎಷ್ಟು ಅಂತ ಕೇಳುವ ಧೈರ್ಯವಾಗದೆ ಮನೆಗೆ ಬಂದೆ. ಸರ್ಟಿಫಿಕೇಟು ಟ್ರಂಕು ಸೇರಿತು, ಕಂಬಳಿ ಮಡಿಕೆಯ ಒಳಗೆ, ನುಸಿಗುಳಿಗೆಯ ಜೊತೆ.

ಇಂಥ ನಾನು ಒಂದು ಗಿಡಕ್ಕೆ ನಲವತ್ತು ರೂಪಾಯಿ ಕೊಟ್ಟೆ. ಹೇಗೆ ಕೊಟ್ಟೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಕಚೇರಿ ಕೆಲಸದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದೆ, ಡಿ.ಎ. ಬಾಕಿ ಅಂತ ನೂರು ಚಿಲ್ಲರೆ ಬಂದು ಜೇಬಿನಲ್ಲಿತ್ತು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಒಂದು ನರ್ಸರಿ. ಅದರ ಮುಂದೆ ಕುಂಡದಲ್ಲಿ ಆಂಥೂರಿಯಂ. ಎಣ್ಣೆ ಹಚ್ಚಿ ಒರೆಸಿದಂತೆ ಹೊಳೆಯುವ, ಎಲೆಯಂಥ ಕೆಂಪು ಹೂವು, ಅದರ ನಡುವಿನಿಂದ ಎದ್ದ ಹಳದಿ ಬತ್ತಿ. ನಾನು ನಿಂತುಬಿಟ್ಟೆ. ನಾನು ಚಿಕ್ಕವನಿದ್ದಾಗ ಅವ್ವ ಎಸ್ಟೇಟಿನಲ್ಲಿ ಕಾಫಿಹಣ್ಣು ಕುಯ್ಯುತ್ತಿದ್ದಳು. ಒಂದು ದಿನ ಬಂಗಲೆಗೆ ಏನೋ ಕೊಡೋಕೆ ಅಂತ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಜಗಲಿಯ ಮೇಲೆ ಇದೇ ಹೂವು. ಅವ್ವ ಅದರ ಮುಂದೆ ನಿಂತು, ನನಗಲ್ಲ, ಯಾರಿಗೂ ಅಲ್ಲ, “ಎಷ್ಟು ಚೆನ್ನಾಗಿದೆ” ಅಂದಿದ್ದಳು. ಅಕ್ಕಿ ಬಿಟ್ಟು ಬೇರೆ ಯಾವುದನ್ನೂ ಅವ್ವ ಚೆನ್ನಾಗಿದೆ ಅಂದಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿರಲಿಲ್ಲ.

ಕೊಂಡಾದ ಮೇಲೆ ಶುರುವಾಯಿತು ನೋಡಿ. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಕದ್ದ ಮಗುವನ್ನು ಹೊತ್ತುಕೊಂಡು ಹೋಗುವವನ ಸ್ಥಿತಿ. ಪಕ್ಕದಲ್ಲಿದ್ದ ಯಜಮಾನರು, “ಎಷ್ಟು ಕೊಟ್ಟಿರಿ?” ಅಂದರು. ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಆಲ್ದೂರು ದಾಟುವವರೆಗೂ ತೆಗೆಯಲಿಲ್ಲ. ನಮ್ಮ ಕಡೆ ಗಿಡಕ್ಕೆ ದುಡ್ಡು ಕೊಡುವ ಪದ್ಧತಿಯೇ ಇಲ್ಲ. ಯಾರ ಮನೆಗೆ ಹೋದರೂ “ಒಂದು ಗೆಲ್ಲು ಕೊಡಿ” ಅಂತ ಕೇಳಿ ಮುರಿದು ತಂದು ನೆಡುತ್ತಾರೆ. ಅದೂ ದೇವರಿಗೆ ಏರಿಸುವ ಹೂವು, ಮುಡಿಯುವ ಹೂವು. ಇದೋ ದೇವರಿಗೆ ಆಗುವುದಿಲ್ಲ, ಮುಡಿಯೋಕೆ ಆಗುವುದಿಲ್ಲ, ದನ ಕೂಡ ತಿನ್ನುವುದಿಲ್ಲ. ಬಾಗಿಲಲ್ಲೇ ಅವ್ವ ಕೇಳಿದಳು: “ಎಷ್ಟು ಕೊಟ್ಟೆ?” ಹೂವು ನೋಡುವ ಮೊದಲೇ.

“ಪುಕ್ಕಟೆ. ಕಚೇರಿಗೆ ಬಂದಿದ್ದ ಸಾಹುಕಾರರು ಕೊಟ್ಟರು.”

“ಹಾಗಾದ್ರೆ ಸರಿ” ಅಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟಳು. ಇಷ್ಟೆ. ಬಂಗಲೆಯ ಮಾತು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ.

ಮೂರನೆಯ ದಿನ ಕಚೇರಿಯಿಂದ ಬಂದು ನೋಡುತ್ತೇನೆ, ಕಲ್ಲಿನ ಪಕ್ಕ ಆಂಥೂರಿಯಂ ಇಲ್ಲ. ಆ ಜಾಗದಲ್ಲಿ ಒಂದು ಕರಿಬೇವಿನ ಸಸಿ ನಿಂತಿದೆ.

“ಅವ್ವಾ, ಆ ಗಿಡ ಎಲ್ಲಿ?”

“ಖತೀಜಮ್ಮನಿಗೆ ಕೊಟ್ಟೆ ಕಣೋ. ಪಾಪ, ಚೆನ್ನಾಗಿದೆ ಅಂದಳು. ನಮಗೇನು, ಪುಕ್ಕಟೆ ಬಂದದ್ದು. ನಾನೇನು ಸುಮ್ಮನೆ ಕೊಟ್ಟಿಲ್ಲ ಮತ್ತೆ, ಕರಿಬೇವು ಇಸ್ಕೊಂಡೆ” ಅಂತ ವ್ಯಾಪಾರದಲ್ಲಿ ಗೆದ್ದವಳಂತೆ ನಕ್ಕಳು. ಖತೀಜಮ್ಮ ಪಕ್ಕದ ಮನೆಯವರು, ಜೀಪು ರಿಪೇರಿ ಮಾಡುವ ಇಬ್ರಾಹಿಂ ಸಾಹೇಬರ ಹೆಂಡತಿ.

ನನ್ನ ಬಾಯಿಂದ ತಾನಾಗಿ ಬಂತು: “ದುಡ್ಡು ಕೊಟ್ಟು ತಂದಿದ್ದೆ ಅವ್ವಾ.” ಅಪ್ಪ ಬೀಡಿ ಕೆಳಗಿಟ್ಟ. “ಎಷ್ಟು?” ಅಂದ. ಬಿ.ಎ. ಓದಿದ ಬುದ್ಧಿ ಆ ಕ್ಷಣದಲ್ಲಿ ಮಾಡಿದ ಸಹಾಯ ಇಷ್ಟೇ: ಅರ್ಧ ಹೇಳು ಅಂತು. “ಇಪ್ಪತ್ತು” ಅಂದೆ.

“ಇಪ್ಪತ್ತಾ? ಒಂದು ಗಿಡಕ್ಕಾ? ಜೊತೇಲಿ ಬೇರೆ ಏನಾದ್ರೂ ಕೊಟ್ಟನಾ?”

“ಕುಂಡ ಕೊಟ್ಟ.”

ಅಪ್ಪ ಗೋಡೆಗೆ ಒರಗಿ ಕೂತ. ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಕೊಟ್ಟ ವಸ್ತುವನ್ನು ವಾಪಸ್ಸು ಕೇಳುವುದು ಅಂದರೆ ಅವಳಿಗೆ ಪ್ರಾಣ ಹೋದಂತೆ, ಆದರೆ ಇಪ್ಪತ್ತು ರೂಪಾಯಿ ಅದಕ್ಕಿಂತ ದೊಡ್ಡದು. ನಾನು ಬೇಲಿಯ ಈಚೆ ಬಗ್ಗಿ ನಿಂತು ಕೇಳಿಸಿಕೊಂಡೆ. ಖತೀಜಮ್ಮ ಗಟ್ಟಿಯಾಗಿ ನಗುತ್ತಿದ್ದರು. “ಅಯ್ಯೋ ತಗೊಂಡು ಹೋಗಿ ದ್ಯಾವಮ್ಮ! ನನಗೆ ಅದು ಪ್ಲಾಸ್ಟಿಕ್ಕೋ ಏನೋ ಅಂತ ಅನುಮಾನ. ನೀರು ಹಾಕಬೇಕೋ, ಬಟ್ಟೇಲಿ ಒರೆಸಬೇಕೋ ಗೊತ್ತಾಗದೆ ಬೆಳಿಗ್ಗೆಯಿಂದ ಸುಮ್ಮನೆ ಕೂತಿದ್ದೀನಿ.” ಕರಿಬೇವನ್ನು ಅವರು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಭಯದ ರಾಜ್ಯ. ಪುಕ್ಕಟೆ ಇದ್ದಾಗ ಬಟ್ಟೆ ಕಲ್ಲಿನ ಪಕ್ಕ ಕೊಳಕು ನೀರು ಕುಡಿಯುತ್ತಿದ್ದ ಗಿಡ, ಬೆಲೆ ಗೊತ್ತಾದ ಮೇಲೆ ಜಗಲಿಯ ನಡುಮಧ್ಯಕ್ಕೆ ಬಂತು. ಅದಕ್ಕೆ ಬಿಸಿಲು ತಾಗಿದರೆ ಅವ್ವನ ಎದೆ ಹಾರುತ್ತಿತ್ತು, ತಾಗದಿದ್ದರೆ ಅಪ್ಪನ ಎದೆ. ಕೋಳಿ ಬಂದರೆ, ಆಡು ಬಂದರೆ ಅಪ್ಪ ಕೋಲು ಹಿಡಿದು ಏಳುತ್ತಿದ್ದ, ಎಸ್ಟೇಟಿನ ಹಳೆಯ ಕೂಗು ಮತ್ತೆ ಹೊರಡುತ್ತಿತ್ತು. ಜೋರು ಮಳೆಗೆ ಎರಚಲು ಹೊಡೆದರೆ, ಮನೆಯಲ್ಲಿದ್ದ ಒಂದೇ ಛತ್ರಿ ಗಿಡಕ್ಕೆ. ನಾನು ಕಚೇರಿಗೆ ಗದ್ದೆಯಾಳುಗಳ ಹಾಗೆ ಎಲೆಯ ಗೊರಬು ಹಾಕಿಕೊಂಡು ಹೋಗಿದ್ದೇನೆ, ಸಹೋದ್ಯೋಗಿಗಳು ನಕ್ಕಿದ್ದಾರೆ. ಎಲೆಯೊಂದರ ತುದಿ ಕಂದಾದ ದಿನ ನಮ್ಮಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬಂದ ಹೆಂಗಸರು “ಒಂದು ಗೆಲ್ಲು ಕೊಡಿ” ಅಂದರೆ ಅವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ನಾನೋ ಇನ್ನೊಂದು ಭಯದಲ್ಲಿದ್ದೆ. ಇಪ್ಪತ್ತಕ್ಕೇ ಹೀಗಾದರೆ ನಲವತ್ತು ಅಂತ ಗೊತ್ತಾದರೆ ಏನು ಗತಿ?

ಎರಡು ತಿಂಗಳಾದ ಮೇಲೆ ಹೊಸ ಹೂವು ಬಿಟ್ಟಿತು. ಸುರುಳಿ ಬಿಚ್ಚಿ ಕೆಂಪಾಗುವುದಕ್ಕೆ ವಾರ ತೆಗೆದುಕೊಂಡಿತು. ಹೂವು ದಿನಗಟ್ಟಲೆ ಹಾಗೇ ಇತ್ತು, ಬಾಡಲೇ ಇಲ್ಲ. ಹದಿನೈದು ದಿನ ಕಳೆದ ಮೇಲೆ ಅಪ್ಪ, “ಪರವಾಗಿಲ್ಲ, ಬಾಳಿಕೆ ಬರುತ್ತೆ” ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಒಂದು ಸಂಜೆ ನಾನು ಬಂದಾಗ ಅವ್ವ ಕಾಫಿ ಲೋಟ ಹಿಡಿದುಕೊಂಡು ಅದರ ಮುಂದೆ ಕೂತಿದ್ದಳು. ಕೈಯಲ್ಲಿ ಮೊರ ಇಲ್ಲ, ಬತ್ತಿ ಹೊಸೆಯುತ್ತಿಲ್ಲ, ಸುಮ್ಮನೆ ಕೂತಿದ್ದಾಳೆ. ಅವಳಿಗೆ ಹುಷಾರಿಲ್ಲವೇನೋ ಅಂತ ನನಗೆ ಗಾಬರಿಯಾಯಿತು.

“ಅವತ್ತು ಬಂಗಲೇಲಿ ಇದನ್ನ ಮುಟ್ಟಬೇಕು ಅಂತ ಕೈ ಚಾಚಿದ್ದೆ ಮಗಾ” ಅಂದಳು. “ಮುಟ್ಟಲಿಲ್ಲ. ಮುರಿದುಹೋದ್ರೆ ಎಲ್ಲಿಂದ ತಂದುಕೊಡೋದು ಅಂತ ಹೆದರಿಕೆ.” ಹಾಗೆ ಹೇಳಿ ಒಂದು ಬೆರಳಿನಿಂದ ಹೂವನ್ನು ಮುಟ್ಟಿದಳು. ಮುಟ್ಟಿ, ಯಾರಾದರೂ ನೋಡಿದರೇನೋ ಅಂತ ಅತ್ತಿತ್ತ ನೋಡಿದಳು. ಅವಳಿಗೆ ಎಲ್ಲ ನೆನಪಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮರುವಾರ ಅವ್ವ ಸಾಸಿವೆ ಡಬ್ಬಿಯಿಂದ ಇಪ್ಪತ್ತು ರೂಪಾಯಿ ತೆಗೆದು ನನ್ನ ಕೈಗಿಟ್ಟಳು. “ಬಿಳೀದೂ ಬರುತ್ತಂತೆ, ಒಂದು ತಾ.” ನಾನು ನನ್ನ ಇಪ್ಪತ್ತು ಸೇರಿಸಿ ತಂದೆ. ಅದನ್ನು ನೋಡಿ ಖತೀಜಮ್ಮ ಇಪ್ಪತ್ತು ಕೊಟ್ಟರು. ಆಮೇಲೆ ಸುಂದರ ಮಾವ, “ಇಪ್ಪತ್ತಕ್ಕೆ ಸಿಗೋದಾದ್ರೆ ನಮ್ಮ ಮನೆಯವಳಿಗೂ ಒಂದು ತಂದುಬಿಡು ಮಾರಾಯ” ಅಂದ. ಸಾಲು ಬೆಳೆಯಿತು. ಒಂದು ಸುಳ್ಳಿಗೆ ನಾನು ತಿಂಗಳು ತಿಂಗಳು ತೆರಿಗೆ ಕಟ್ಟುತ್ತಿದ್ದೆ. ಗೊತ್ತಿಲ್ಲದೆಯೇ ಅಪ್ಪ-ಅವ್ವ ಇಬ್ಬರಿಗೂ ಖರ್ಚು ಮಾಡುವುದನ್ನು ಕಲಿಸಿದ ಮೇಷ್ಟ್ರು ನಾನು. ಶಿಷ್ಯರು ಕ್ಲಾಸು ದಾಟಿ ಮುಂದೆ ಹೋದರು, ಮೇಷ್ಟ್ರು ಕಚೇರಿ ಕ್ಯಾಂಟೀನಿನಲ್ಲಿ ಕಾಫಿ ಬಿಟ್ಟ.

ಆ ವರ್ಷ ಚಿಕ್ಕಮಗಳೂರಿನ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ಕೆಂಪು ಗಿಡ ಒಯ್ಯಬೇಕು ಅಂತ ಹೇಳಿದವರು ಖತೀಜಮ್ಮ. ಬಸ್ಸಿನಲ್ಲಿ ಒಯ್ಯೋಣ ಅಂದೆ ನಾನು. ಅಪ್ಪ ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ. “ಬಸ್ಸಲ್ಲಾ? ಅಲುಗಾಡಿದ್ರೆ? ಇಬ್ರಾಹಿಂ ಸಾಹೇಬ್ರಿಗೆ ಜೀಪು ಹೇಳು.” ಚಪ್ಪಲಿಯನ್ನು ಕಂಕುಳಲ್ಲಿ ಹೊತ್ತು ನಡೆದ ಮನುಷ್ಯ ಹೂವಿನ ಗಿಡಕ್ಕೆ ಜೀಪು ಹೇಳಿಸಿದ. ಬಾಡಿಗೆ ಬೇಡ, ಪೆಟ್ರೋಲು ಹಾಕಿಸಿ ಸಾಕು ಅಂದರು ಸಾಹೇಬರು. ಹಿಂದಿನ ಸೀಟಿನಲ್ಲಿ ಅವ್ವ ಕುಂಡವನ್ನು ತಬ್ಬಿಕೊಂಡಳು, ಅಪ್ಪ ಅವ್ವನನ್ನು ಹಿಡಿದುಕೊಂಡ, ಪುಕ್ಕಟೆ ಸವಾರಿ ಅಂತ ಬಂದಿದ್ದ ಸುಂದರ ಮಾವ ಬಾಗಿಲು ಹಿಡಿದುಕೊಂಡ. ಪ್ರತಿ ತಿರುವಿನಲ್ಲೂ ನಾಲ್ಕು ಜನ ಉಸಿರು ಬಿಗಿಹಿಡಿದೆವು.

ಪ್ರದರ್ಶನದ ಸಭಾಂಗಣದಲ್ಲಿ ಬಂಗಲೆಗಳ ಕುಂಡಗಳು ಸಾಲಾಗಿ ನಿಂತಿದ್ದವು. ಎಸ್ಟೇಟಿನ ಅಮ್ಮಂದಿರು ರೇಷ್ಮೆ ಸೀರೆಯಲ್ಲಿ ಓಡಾಡುತ್ತಿದ್ದರು. ಅವ್ವ ಕಂಬದ ಹಿಂದೆ ನಿಂತಳು. ತೀರ್ಪು ಕೊಡಲು ಬಂದಿದ್ದ ಒಬ್ಬ ಹಿರಿಯ ಹೆಂಗಸು ನಮ್ಮ ಗಿಡದ ಎಲೆ ಎತ್ತಿ ನೋಡಿ, “ಇದು ಯಾರದ್ದು? ಏನು ಗೊಬ್ಬರ ಹಾಕ್ತೀರಿ?” ಅಂದರು. ಅವ್ವ ಕೈಮುಗಿದು, “ಗೊಬ್ಬರ ಏನಿಲ್ಲ ಅಮ್ಮಾರೇ, ಹೆದರ್ಕೊಂಡು ನೋಡ್ಕೊಂಡ್ವಿ” ಅಂದಳು.

ಅಷ್ಟರಲ್ಲಿ ನನ್ನ ಕಣ್ಣು ಇನ್ನೊಂದು ಕಡೆ ಹೋಯಿತು. ಸಭಾಂಗಣದ ಮೂಲೆಯಲ್ಲಿ ಅದೇ ನರ್ಸರಿಯವನ ಅಂಗಡಿ. ಗಿಡಗಳ ಮುಂದೆ ರಟ್ಟಿನ ಚೂರಿನಲ್ಲಿ ದೊಡ್ಡದಾಗಿ ಬೆಲೆ. ಅಪ್ಪನಿಗೆ ಅಕ್ಷರ ಬರದಿದ್ದರೂ ಅಂಕಿ ಚೆನ್ನಾಗಿ ಬರುತ್ತದೆ. ಅಪ್ಪ ಅಲ್ಲಿ ನಿಂತಿದ್ದ. ತುಂಬಾ ಹೊತ್ತು ನಿಂತಿದ್ದ. ಏನೋ ಕೇಳಿದ, ಅವನು ಏನೋ ಹೇಳಿದ. ಅಪ್ಪ ನಿಧಾನವಾಗಿ ಬಂದು ನನ್ನ ಪಕ್ಕ ನಿಂತ. ಮುಖ ತಿರುಗಿಸದೆ ಮೆಲ್ಲಗೆ ಅಂದ: “ನಿನಗೆ ಅರ್ಧಕ್ಕೆ ಕೊಟ್ಟಿದ್ದಾನೆ. ಒಳ್ಳೇ ಮನುಷ್ಯ.” ಮತ್ತೆ ಅಷ್ಟೇ ಮೆಲ್ಲಗೆ, “ಅವ್ವನಿಗೆ ಹೇಳಬೇಡ. ಮೂರನೇದು ತರಬೇಕು ಅಂತ ಇದ್ದಾಳೆ” ಅಂದ.

ನಮ್ಮ ಗಿಡಕ್ಕೆ ಸಮಾಧಾನಕರ ಬಹುಮಾನ ಬಂತು. ಹೆಸರು ಕರೆದಾಗ ಅವ್ವ ಕದಲಲಿಲ್ಲ, ಬೇರೆ ಯಾರೋ ದ್ಯಾವಮ್ಮ ಇರಬೇಕು ಅಂದುಕೊಂಡಳಂತೆ. ಮಾವ ಹಿಂದಿನಿಂದ ತಳ್ಳಿದ. ಅವಳು ಎರಡೂ ಕೈಯಲ್ಲಿ ಸರ್ಟಿಫಿಕೇಟು ಹಿಡಿದು, ಬಿಸಿ ಪಾತ್ರೆ ತರುವವಳ ಹಾಗೆ ನಡೆದುಬಂದು ನನ್ನ ಕೈಗೆ ಕೊಟ್ಟಳು. “ಇದಕ್ಕೆ ಕಟ್ಟು ಹಾಕಿಸು. ಗಾಜಿಂದೇ ಇರಲಿ.”

ಭಯ ಎಲ್ಲಿ ಬಿಡುತ್ತದೆ? “ಕಟ್ಟು ಯಾಕವ್ವ ಸುಮ್ಮನೆ? ಟ್ರಂಕಿನಲ್ಲಿ ನನ್ನದರ ಜೊತೆ ಇಟ್ಟರೆ ಜೋಪಾನವಾಗಿರುತ್ತೆ” ಅಂದೆ.

ಸುಂದರ ಮಾವ ನನ್ನ ಹೆಗಲ ಮೇಲೆ ಕೈ ಹಾಕಿದ. “ನಿನ್ನದು ಕೆಲಸ ತಂದುಕೊಟ್ಟಿತು ಮಾರಾಯ, ಅದರ ಕೆಲಸ ಮುಗೀತು, ಟ್ರಂಕಲ್ಲೇ ಇರಲಿ. ಇದು ಏನಕ್ಕೂ ಬಾರದ್ದು. ಇದಕ್ಕೆ ಕಟ್ಟು ಬೇಕು.”