ಎಲೆಕ್ಟ್ರಾನೂ ಮಾವ ಹಾಕಿದ ಚೈನೂ

ಎಲೆಕ್ಟ್ರಾನನ್ನು ನಾನು ಕಣ್ಣಾರೆ ಕಂಡಿಲ್ಲ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷದಿಂದ ಅದರ ಹೆಸರು ಹೇಳಿಯೇ ಹೊಟ್ಟೆ ಹೊರೆಯುತ್ತಿರುವವನು ಹೀಗೆನ್ನಬಾರದು. ಆದರೆ ನಿಮ್ಮ ಮುಂದೆ ಮುಚ್ಚುಮರೆ ಏಕೆ? ಕಾಣದ್ದನ್ನು ಮಕ್ಕಳಿಗೆ ನಂಬಿಸಬೇಕಾದರೆ ಸಂಸಾರದ ಉದಾಹರಣೆಯೇ ಗತಿ. ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ, ಸ್ಪಿನ್ ಎಂಬುದು ಅದರ ಹುಟ್ಟುಗುಣ. ಎರಡು ಜೋಡಿಯಾದರೆ ಒಂದರ ಮುಖ ಮೇಲೆ, ಇನ್ನೊಂದರದು ಕೆಳಗೆ. ಒಂದರ ಸೆಳೆತವನ್ನು ಇನ್ನೊಂದು ಅಳಿಸಿಹಾಕುತ್ತದೆ. ಗಂಡ ಹೆಂಡತಿ ಇದ್ದಹಾಗೆ ಎಂದರೆ ತರಗತಿಗೆಲ್ಲ ತಟ್ಟನೆ ಅರ್ಥವಾಗುತ್ತದೆ. ಮದುವೆಯಾಗದ ಹುಡುಗರಿಗೆ ಇದು ಹೇಗೆ ಗೊತ್ತೋ, ನಾನು ಕೇಳಲು ಹೋಗಿಲ್ಲ. ಕಬ್ಬಿಣದಲ್ಲಿ ಜೋಡಿ ಸಿಗದ ಎಲೆಕ್ಟ್ರಾನುಗಳು ಒಂದೇ ಕಡೆ ಮುಖ ಮಾಡಿ ನಿಲ್ಲುವುದರಿಂದ ಅದು ಅಯಸ್ಕಾಂತ ಕಂಡರೆ ಓಡಿಹೋಗುತ್ತದೆ. ಬಂಗಾರಕ್ಕೆ ಅಂಥ ಚಪಲವಿಲ್ಲ.

ಇಷ್ಟಕ್ಕೇ ಸುಮ್ಮನಾಗಿದ್ದರೆ ನಾನು ಜಾಣ. ಆ ದಿನ ಹುಮ್ಮಸ್ಸು ಹೆಚ್ಚಾಗಿ ಕೊರಳಿನ ಚೈನು ಬಿಚ್ಚಿದೆ. ಮದುವೆಯಲ್ಲಿ ಮಾವ ಹಾಕಿದ್ದು. ಅವರು ಉಗಾರ ಬುದ್ರುಕದಲ್ಲಿ ಕಬ್ಬು ಬೆಳೆಯುವವರು. ತೂಕದಲ್ಲಾಗಲಿ ಮಾತಿನಲ್ಲಾಗಲಿ ಹೆಚ್ಚುಕಡಿಮೆ ಇಲ್ಲದ ಮನುಷ್ಯ. ಅಪ್ಪಟ ಬಂಗಾರ, ಜಪ್ಪಯ್ಯ ಅಂದರೂ ಅಲ್ಲಾಡದು ಎಂದು ಸಾರಿ, ಚೈನನ್ನು ಮೇಜಿನ ಮೇಲೆ ಗುಡ್ಡೆಮಾಡಿ, ಪ್ರಯೋಗಾಲಯದ ದೊಡ್ಡ ಅಯಸ್ಕಾಂತ ಹಿಡಿದೆ. ಚೈನು ಸರಕ್ಕನೆ ಎದ್ದು ಅಂಟಿಕೊಂಡು ಜೋತಾಡಿತು. ಹುಡುಗರು ನಗಲಿಲ್ಲ; ಸಾವಿನ ಮನೆಗೆ ಮಾತಾಡಿಸಲು ಬಂದವರಂತೆ ತಲೆ ತಗ್ಗಿಸಿ ಕುಳಿತರು. ಅಯಸ್ಕಾಂತ, ಚೈನು ಎರಡನ್ನೂ ಬ್ಯಾಗಿಗೆ ತುರುಕಿ ಹೊರಬಿದ್ದೆ. ಆ ತರಗತಿಯಲ್ಲಿ ಉಗಾರದ ಮಕ್ಕಳು ಮೂವರಿದ್ದರು.

ಮನೆಗೆ ಬರುವಷ್ಟರಲ್ಲಿ ಮಾವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು. ಇಪ್ಪತ್ತು ವರ್ಷ ಬಡಿಸಿದ ಹೋಳಿಗೆಯ ಮೇಲಿನ ತುಪ್ಪದಲ್ಲೂ ಈಗ ಅನುಮಾನ ಹುಟ್ಟಿತು. ಹೆಂಡತಿ ಸುಜಾತಾಳ ಹತ್ತಿರ ಬಾಯಿ ಬಿಡದೆ, ಮಾವನಿಗೆ ಆಡಬೇಕಾದ ಚುಚ್ಚುಮಾತುಗಳನ್ನು ಒಳಗೊಳಗೇ ಮಸೆಯುತ್ತಿದ್ದೆ. ಅವರೇ ಮರುದಿನ ಮೊದಲ ಬಸ್ಸಿಗೆ ಬಂದರು. ಮಗಳು ಕೊಟ್ಟ ಚಹಾ ಮುಟ್ಟಲಿಲ್ಲ.

"ಮಾಸ್ತರ್ರ, ಚೈನ್ ಖೋಟಾ ಇದ್ರ ಈಗ ಹೇಳ್ರಿ, ಬ್ಯಾರೇದು ಮಾಡಸ್ತೀನಿ," ಎಂದರು. "ನಾ ಕಬ್ಬ ಬೆಳ್ಯಾಂವ, ನನಗ ಬಂಗಾರದ ಖರೇ-ಖೋಟಾ ಪಾರಖ ಮಾಡಾಕ ಬರೂದಿಲ್ಲ. ಆದ್ರ ಮಗಳ ಮದ್ವ್ಯಾಗ ಮೋಸ ಮಾಡ್ಯಾನ ಅನ್ನಿಸ್ಕೊಂಡು ಊರಾಗ ತಿರಗ್ಯಾಡಾಕ ನನ್ನ ಕಡೆ ಆಗೂದಿಲ್ಲ."

ಮಸೆದಿಟ್ಟ ಮಾತೆಲ್ಲ ಮೊಂಡಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಸುಜಾತಾ ಮಾತ್ರ ತರಗತಿಯಲ್ಲಿ ನಡೆದದ್ದನ್ನು ನಮ್ಮಿಬ್ಬರಿಂದ ಕೇಳಿಕೊಂಡು, ನನ್ನ ಬ್ಯಾಗು ತೆರೆದು ಚೈನನ್ನು ನೆಲದ ಮೇಲೆ ಉದ್ದಕ್ಕೆ ಚಾಚಿದಳು. ಅಕ್ಕಿಯಲ್ಲಿ ಕಲ್ಲು ಹುಡುಕುವಷ್ಟು ನಿಧಾನವಾಗಿ ಅಯಸ್ಕಾಂತವನ್ನು ಒಂದೊಂದೇ ಕಣ್ಣಿಯ ಮೇಲೆ ಸರಿಸುತ್ತ ಹೋದಳು. ಯಾವುದೂ ಮಿಸುಕಲಿಲ್ಲ. ಕೊನೆಗೆ ಟಪ್ ಎಂದಿತು.

"ರೀ, ಕೊಂಡಿ ಅಷ್ಟ ಜಗ್ಗತೈತಿ," ಎಂದಳು. "ಇದನ್ನ ಯಾರು ಹಾಕಿಸಿದ್ರು?"

ಭೌತಶಾಸ್ತ್ರದ ಮೇಷ್ಟ್ರು ಮಾಡಬೇಕಿದ್ದ ಪ್ರಯೋಗ ಅದು. ಕೊಂಡಿ ಹಾಕಿಸಿದವನು ನಾನೇ ಎಂಬುದು ಆಗ ನೆನಪಾಯಿತು. ಹಳೆಯ ಕೊಂಡಿ ಮುರಿದಾಗ ನಿಪ್ಪಾಣಿಯ ಅಕ್ಕಸಾಲಿ ಪತ್ತಾರ ಬಂಗಾರದ್ದೇ ಹಾಕಲೇ ಎಂದು ಕೇಳಿದ್ದ. ಕತ್ತಿನ ಹಿಂದೆ ಯಾರು ನೋಡುತ್ತಾರಪ್ಪ, ಯಾವುದೋ ಒಂದು ಹಾಕು ಎಂದಿದ್ದೆ. ತೊದಲುತ್ತ ಒಪ್ಪಿಕೊಂಡೆ. ಮಾವ ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಟೊಪ್ಪಿಗೆ ಜಾರುವಷ್ಟು ನಕ್ಕು, ಆರಿದ ಚಹಾ ಕಾಯಿಸಿ ಕೊಡು ಎಂದು ಮಗಳಿಗೆ ಹೇಳಿದರು. ಅವರದು ಒಂದೇ ಕರಾರು: ಅದೇ ತರಗತಿಯಲ್ಲಿ, ಅದೇ ಹುಡುಗರ ಮುಂದೆ ನಿಜ ಹೇಳಬೇಕು.

ಹೇಳಿದೆ. ಪ್ರಯೋಗವನ್ನೂ ಸುಜಾತಾಳ ಪದ್ಧತಿಯಲ್ಲೇ ಮಾಡಿ ತೋರಿಸಿದೆ. ತರಗತಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ, ಎದೆ ಹಗುರಾಯಿತು. ಎಲೆಕ್ಟ್ರಾನಿನ ಪಾಠ ಅಷ್ಟು ಚೆನ್ನಾಗಿ ಯಾವ ವರ್ಷವೂ ಮನದಟ್ಟಾಗಿರಲಿಲ್ಲ. ಮುಂದಿನ ಟೆಸ್ಟಿನಲ್ಲಿ, ಅಯಸ್ಕಾಂತ ಯಾವ ವಸ್ತುಗಳನ್ನು ಸೆಳೆಯುತ್ತದೆ ಎಂಬ ಪ್ರಶ್ನೆಗೆ ಉಗಾರದ ಹುಡುಗಿಯೊಬ್ಬಳು ಬರೆದಿದ್ದಳು: ಕಬ್ಬಿಣವನ್ನು ಸೆಳೆಯುತ್ತದೆ; ಮಾವ ಹಾಕಿದ ಬಂಗಾರವನ್ನು ಸೆಳೆಯುವುದಿಲ್ಲ; ಅಳಿಯ ಹಾಕಿಸಿದ ಕೊಂಡಿಯನ್ನು ಸೆಳೆಯುತ್ತದೆ. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ತಪ್ಪು ಹುಡುಕಿದೆ. ಪೂರ್ತಿ ಮಾರ್ಕು ಕೊಡಬೇಕಾಯಿತು.