ಹಿಂದಿನ ಗಾಲಿ ಬಿಗಿ ಆಗೈತ್ರಿ

ವಡಗಾವಿಯ ಮಗ್ಗಗಳ ಸದ್ದಿನ ನಡುವೆ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ಆದವರು ಪಂಕ್ಚರ್ ತೆಗೆಸಿಕೊಂಡು ಹೋಗುತ್ತಾರೆ, ಮಾತಿಲ್ಲ ಕಥೆಯಿಲ್ಲ. ಆದರೆ ‘ಹಿಂದಿನ ಗಾಲಿ ಬಿಗಿ ಆಗೈತ್ರಿ’ ಅನ್ನುತ್ತ ಬರುವವರಿದ್ದಾರಲ್ಲ, ಅವರ ಸೈಕಲ್ಲಿನ ಹಿಂದೆ ಒಂದು ಸಂಸಾರವೇ ಬರುತ್ತದೆ. ಗಾಲಿಯ ನಡುವಿನ ಹಬ್ ಬಿಚ್ಚಿದರೆ ಒಳಗಿರುವುದು ಒಂದಿಷ್ಟು ಗ್ರೀಸು, ಉಕ್ಕಿನ ಗುಂಡುಗಳು, ಆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು. ಅಷ್ಟೇ. ಅಷ್ಟರಲ್ಲೇ ಜನ ಏನೇನು ತೋರಿಸಿದ್ದಾರೆ ಅಂತೀರಿ!

ಕಳುವಾದ ನೂಲು

ನಮ್ಮ ಓಣಿಯ ನೇಕಾರರೊಬ್ಬರು ಸೈಕಲ್ ತಳ್ಳಿಕೊಂಡು ಬಂದರು. ಜೊತೆಗೆ ಅವರ ಹೆಂಡತಿ. ನೇಕಾರರಿಗೆ ಗಾಲಿಯ ಚಿಂತೆಗಿಂತ ಸಿಟ್ಟು ಜಾಸ್ತಿ ಇತ್ತು.

“ರವಿವಾರ ಪೇಟ್ಯಾಗಿನ ನೂಲಿನ ವ್ಯಾಪಾರಿ ಮೋಸ ಮಾಡಾಕತ್ತಾನ್ರಿ. ಪ್ರತಿ ಸಲ ನೂಲು ಕಡಿಮಿ ಬೀಳತೈತಿ. ಇವತ್ತ ಅಂಗಡಿ ಮುಂದ ನಿಂತು, ನಾಕು ಮಂದಿ ಕೇಳೂಹಂಗ ಬೈದು ಬಂದೆ. ಇನ್ನ ಅವನ ಕಡೆ ಹೋಗೂದಿಲ್ಲ.”

ನಾನು ಹಿಂದಿನ ಗಾಲಿ ಎತ್ತಿ ತಿರುಗಿಸಿದೆ. ಒಂದು ಸುತ್ತು ಬರುವಷ್ಟರಲ್ಲಿ ನಿಂತುಬಿಟ್ಟಿತು. ಬ್ರೇಕು ತಾಗುತ್ತಿದೆಯೇ ನೋಡಿದೆ, ಇಲ್ಲ. ಗಾಲಿ ಬಿಚ್ಚಿ ಕೆಳಗಿಟ್ಟೆ. ಕೋನಿನ ಸಂದಿಯಲ್ಲಿ ಹಸಿರು ಬಣ್ಣದ್ದೇನೋ ಕಂಡಿತು. ಇಕ್ಕಳದಿಂದ ಎಳೆದೆ. ಬಂತು. ಮತ್ತೆ ಎಳೆದೆ. ಬರುತ್ತಲೇ ಇತ್ತು. ಹಸಿರು ಮುಗಿದ ಮೇಲೆ ಕೆಂಪು, ಕೆಂಪು ಮುಗಿದ ಮೇಲೆ ಹಳದಿ. ಕ್ಯಾರಿಯರ್ ಮೇಲಿನ ಗಂಟಿನಿಂದ ಎಳೆ ಜಾರಿ, ದಾರಿಯುದ್ದಕ್ಕೂ ಗಾಲಿ ಅದನ್ನು ಸುತ್ತಿಕೊಳ್ಳುತ್ತ ಬಂದಿತ್ತು.

ನೇಕಾರರ ಮುಖ ಬಾಡಿತು. “ಈಗ ಆ ವ್ಯಾಪಾರಿಗೆ ಏನ್ ಹೇಳ್ತೀರಿ?” ಅಂದೆ.

“ನೂಲು ಸಿಕ್ತು ಅಂತ ಹೇಳ್ತೇನಿ. ಎಲ್ಲಿ ಸಿಕ್ತು ಅಂತ ಅಂವಾ ಯಾಕ ಕೇಳ್ತಾನ?”

ಅವರ ಹೆಂಡತಿ ಮಾತ್ರ ಆ ನೂಲಿನ ಸುರುಳಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ಅಂದರು: “ಎಷ್ಟ್ ನೀಟಾಗಿ ಸುತ್ತೈತಿ ನೋಡ್ರಿ. ಮಗ್ಗದ ಮ್ಯಾಲ ಕುಂತು ಇವರು ಎಂದೂ ಇಷ್ಟು ಚಂದ ಕೆಲಸ ಮಾಡಿಲ್ಲ!”

ಬಿಗಿ ಮಾಡಿ ಕೊಡು

ಹುಟ್ಟಿದಾಗಿನಿಂದ ಗಾಲಿ ಹಗುರ ಮಾಡಿ ಅಂದವರನ್ನು ಕಂಡಿದ್ದೇನೆ. ಬಿಗಿ ಮಾಡು ಅಂದವರು ಒಬ್ಬರೇ, ಅನಗೋಳದ ನಿವೃತ್ತ ಮಾಸ್ತರರ ಹೆಂಡತಿ.

“ತಮ್ಮಾ, ನಮ್ಮ ಮನೆಯವರಿಗೆ ಸಕ್ಕರಿ ಜಡ್ಡು. ಕಾಲಿನ ಗಾಯ ಮಾಯವಲ್ಲದು. ಡಾಕ್ಟರು ಸಿಹಿ ಮುಟ್ಟಬ್ಯಾಡ್ರಿ ಅಂದಾರ. ಇವರು ವ್ಯಾಯಾಮಕ್ಕಂತ ಸೈಕಲ್ ತಗೊಂಡು ಹೊಂಡ್ತಾರ, ಮೀಸಿಗೆ ಕುಂದಾ ಹತ್ತಿಸ್ಕೊಂಡು ಬರ್ತಾರ. ಆ ಮಿಠಾಯಿ ಅಂಗಡಿ ಮುಟ್ಟೂಕಿಂತ ಮೊದಲ ದಣದು ಹೊಳ್ಳಿ ಬರೂಹಂಗ ಗಾಲಿ ಸ್ವಲ್ಪ ಬಿಗಿ ಮಾಡು.”

ಕೋನು ಬಿಗಿದರೆ ಗುಂಡು ಸವೆದು ಹಬ್ ಹಾಳಾಗುತ್ತದೆ, ಆಗುವುದಿಲ್ಲ ಅಂದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ. ಹಬ್ಬಿಗೆ ಕೈ ಹಚ್ಚದೆ, ಹಿಂದಿನ ಬ್ರೇಕಿನ ರಬ್ಬರು ರಿಮ್ಮಿಗೆ ಸವರುವಷ್ಟು ಸರಿಸಿ ಕೊಟ್ಟೆ.

ಮಾರನೇ ದಿನ ಮಾಸ್ತರು ಬಂದರು, ಬೆನ್ನಿಗೆ ಅವರ ಹೆಂಡತಿ. “ಗಾಲಿ ಹಿಡದಂಗ ಆಗಾಕತ್ತೈತಿ, ನೋಡಪಾ.” ನಾನು ತಲೆ ಎತ್ತಿದೆ. ಹಿಂದೆ ನಿಂತ ಅಕ್ಕಾವರು ಬೇಡ ಬೇಡ ಅಂತ ಕೈಯಾಡಿಸುತ್ತಿದ್ದರು. ನಾನು ಗಾಲಿ ತಿರುಗಿಸಿ, ಕಿವಿಗೊಟ್ಟು ಕೇಳಿದ ಹಾಗೆ ಮಾಡಿ, “ಎಲ್ಲಾ ಬರೋಬರ್ ಐತ್ರಿ ಸರ್. ವಯಸ್ಸಾದಂಗ ಹಂಗ ಅನಸತೈತಿ” ಅಂದೆ. ಮಾಸ್ತರು ಪಾಪ, ಒಪ್ಪಿಕೊಂಡು ಹೋದರು.

ವಾರದೊಳಗೆ ಅಕ್ಕಾವರು ಕೆಂಡದಂತಾಗಿ ಬಂದರು. “ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡು ಮಾರಾಯ!”

“ಯಾಕ್ರಿ, ಅರ್ಧ ದಾರಿಗೆ ದಣದು ಹೊಳ್ಳಿ ಬರವಲ್ಲರೇನು?”

“ಮೊದಲ ಅಲ್ಲಿ ಹೋಗಿ ಒಂದ ಸಲ ತಿಂತಿದ್ರು. ಈಗ ಹೋಗೂಮುಂದ ಶಕ್ತಿ ಬರಲಿ ಅಂತ ಒಂದು, ಮುಟ್ಟಿದ ಖುಷಿಗೆ ಒಂದು, ಬರೂಮುಂದ ದಣಿವಿಗೆ ಇನ್ನೊಂದು!”

ಮುಂಜಾನೆಯ ಬಿಗಿ

ಇದು ಸಣ್ಣದು. ದವಾಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಸಿಸ್ಟರು ಬಂದರು. ಮುಂಜಾನೆ ಡ್ಯೂಟಿಗೆ ಹೋಗುವಾಗ ಗಾಲಿ ಬಿಗಿ, ಸಂಜೆ ಮನೆಗೆ ಬರುವಾಗ ಹಗುರ. ಬ್ರೇಕು ನೋಡಿದೆ, ಹಬ್ ಬಿಚ್ಚಿದೆ, ಗುಂಡು ತೊಳೆದೆ, ಹೊಸ ಗ್ರೀಸು ತುಂಬಿದೆ, ಆಕ್ಸಲ್ ಸೊಟ್ಟಗಿದೆಯೇ ಅಂತ ಗಾಜಿನ ಮೇಲೆ ಉರುಳಿಸಿ ನೋಡಿದೆ. ಯಾವ ದೋಷವೂ ಇಲ್ಲ. ಆದರೂ ಮರುದಿನ ಅದೇ ದೂರು.

“ದಾರಿ ಏರು ಐತೇನ್ರಿ?”

“ಇಲ್ಲರಿ, ಸಪಾಟ ಐತಿ.”

“ಕ್ಯಾರಿಯರ್ ಮ್ಯಾಲ ಏನರ ಸಾಮಾನು ಇಟ್ಕೊಂಡು ಹೋಗ್ತೀರೇನು?”

“ಸಾಮಾನು ಏನೂ ಇಲ್ಲರಿ,” ಅಂದರು ಸಿಸ್ಟರು. “ಬಸ್ ಸ್ಟಾಪ್ ತನಕ ನಮ್ಮ ಯಜಮಾನ್ರು ಒಬ್ರ ಕುಂದರ್ತಾರ.”

ರಾಣಿಯ ಜಡ್ಡು

ಖಾನಾಪುರದಲ್ಲಿ ನನಗೊಬ್ಬರು ಹಳೆಯ ಗಿರಾಕಿ ಇದ್ದಾರೆ, ಸೈಕಲ್ ಮೇಲೆ ಮನೆಮನೆಗೆ ಹಾಲು ಹಾಕುವವರು. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಅತ್ತಿಗೆಗೆ ‘ವಹಿನಿ’, ಭಾರ ಅನ್ನುವುದಕ್ಕೆ ಮರಾಠಿಯ ‘ಜಡ’ ಅನ್ನುತ್ತಾರೆ. ನಮ್ಮ ಕಡೆ ‘ಜಡ್ಡು’ ಅಂದರೆ ಕಾಯಿಲೆ. ಇನ್ನೊಂದು ಮಾತು, ಅವರು ತಮ್ಮ ಸೈಕಲ್ಲಿಗೆ ರಾಣಿ ಅಂತ ಹೆಸರಿಟ್ಟಿದ್ದಾರೆ. ಇದು ನನಗೆ ಗೊತ್ತು, ನನ್ನ ಹೆಂಡತಿಗೆ ಗೊತ್ತಿರಲಿಲ್ಲ.

ಅವತ್ತು ನಾನು ಮೊಬೈಲು ಮನೆಯಲ್ಲೇ ಮರೆತು ಅಂಗಡಿಗೆ ಬಂದಿದ್ದೆ. ಫೋನು ಬಂತು, ಹೆಂಡತಿ ಎತ್ತಿದಳು.

“ವಹಿನೀ, ನಮ್ಮ ರಾಣಿ ಭಾಳ ಜಡ ಆಗ್ಯಾಳ್ರಿ. ಮುಂದಕ್ಕ ಹೋಗವಲ್ಲಳು.”

“ಅಯ್ಯ, ಪಾಪ! ಎಲ್ಲಿ ತ್ರಾಸ ಐತ್ರಿ?”

“ಹಿಂದ ನಡಕ ಹಿಡಕೊಂಡೈತಿ.”

“ಸೊಂಟಾ ಇರಬೇಕು. ಎಣ್ಣಿ ಹಚ್ಚಿದಿರೇನು?”

“ಹಚ್ಚಿ ಆತು. ಹಾಲಿನ ಕ್ಯಾನ್ ಹೊರಿಸಿದ್ರ ಕರಕರ ಅಂತ ಒದರ್ತಾಳ.”

“ಇಂಥಾದ್ರಾಗ ಅಕಿ ಕಡಿಂದ ಕ್ಯಾನ್ ಹೊರಿಸ್ತೀರಿ?”

“ಮತ್ತ ಯಾರ್ ಹೊರಬೇಕ್ರಿ? ನಿನ್ನೆ ನನಗೂ ಸಿಟ್ಟು ಬಂತು. ಸುತ್ತಿಗಿ ತಗೊಂಡು ಎರಡು ಬಾರಿಸಿದೆ.”

“ಸುತ್ತಿಗಿ? ನಿಮಗೇನ್ ಕರುಳು ಐತೋ ಇಲ್ಲೋ? ಈಗಿಂದೀಗ ಅಕಿನ್ನ ಕರಕೊಂಡು ನಮ್ಮ ಅಂಗಡಿಗೆ ಬರ್ರಿ, ಮುಂದಿಂದು ನಾವು ನೋಡ್ಕೋತೇವಿ. ಇಲ್ಲಾಂದ್ರ ಪೊಲೀಸರಿಗೆ ಹೇಳ್ತೇನಿ!” ಅಂತ ಫೋನು ಇಟ್ಟಳು.

ಹಾಲಿನವರು ಅಲ್ಲಿ ಕರಗಿಹೋಗಿದ್ದರಂತೆ. ರಿಪೇರಿಯವನ ಹೆಂಡತಿಗೆ ಗಿರಾಕಿಯ ಸೈಕಲ್ ಮೇಲೆ ಇಷ್ಟು ಮಮತೆ ಇದೆಯಲ್ಲ ಅಂತ.

ಇತ್ತ ನನ್ನ ಹೆಂಡತಿ ಓಣಿಯ ನಾಲ್ಕೈದು ಹೆಂಗಸರನ್ನು ಕೂಡಿಸಿಕೊಂಡು ಅಂಗಡಿಗೆ ಬಂದು ನಿಂತಳು. ಒಬ್ಬರ ಕೈಯಲ್ಲಿ ಬಿಸಿ ಗಂಜಿ, ಒಬ್ಬರ ಕೈಯಲ್ಲಿ ಕಸಬರಿಗೆ. ಗಂಜಿ ರಾಣಿಗೆ, ಕಸಬರಿಗೆ ಅವಳ ಗಂಡನಿಗೆ. ಏನಾಗಿದೆ ಅಂತ ನಾನು ಕೇಳಿದರೆ, “ನೀವು ಸುಮ್ನ ಕುಂದರ್ರಿ. ಎಂಥೆಂಥವರ ಜೋಡಿ ದೋಸ್ತಿ ಮಾಡೀರಿ!” ಅಂತ ನನಗೇ ಗದರಿದಳು.

ಅಷ್ಟರಲ್ಲಿ ಟೆಂಪೋ ಬಂದು ನಿಂತಿತು. ಹಾಲಿನವರು ಇಳಿದು ಕೈಮುಗಿದರು. “ತಪ್ಪಾತ್ರಿ ವಹಿನೀ, ಇನ್ನ ಅಕಿಗೆ ಬಡಿಯೂದಿಲ್ಲ.”

“ಮೊದಲ ಹೇಳ್ರಿ, ರಾಣಿ ಎಲ್ಲಿ?”

“ಹಿಂದ ಅದಾಳ್ರಿ. ದಾರ್‍ಯಾಗ ಅಲ್ಲಾಡಬಾರದು ಅಂತ ತಲಿಕೆಳಗ ಮಾಡಿ, ಹಗ್ಗ ಹಾಕಿ ಗಟ್ಟಿ ಕಟ್ಟೇನಿ.”

ಹೆಂಗಸರೆಲ್ಲ “ಅಯ್ಯೋ ಶಿವನೇ!” ಅಂತ ಟೆಂಪೋದ ಹಿಂದಕ್ಕೆ ಓಡಿದರು. ಅಲ್ಲಿ ಹಗ್ಗ ಬಿಗಿದ ಸೈಕಲ್ಲೊಂದು ತಲೆಕೆಳಗಾಗಿ ನಿಂತಿತ್ತು. ಆಮೇಲೆ ಓಣಿಯ ಮಗ್ಗಗಳೆಲ್ಲ ನಿಂತು ಕೇಳುವಂಥ ನಗು. ಕಸಬರಿಗೆ ಹಿಡಿದವರು ಅದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ಕೂತರು.

ನಾನು ಹಬ್ ಬಿಚ್ಚಿ ನೋಡಿದೆ. ಕ್ಯಾನಿನಿಂದ ಸೋರಿದ ಹಾಲು ಧೂಳು, ಗ್ರೀಸಿನ ಜೊತೆ ಸೇರಿ ಗಟ್ಟಿಯಾಗಿ ಗುಂಡುಗಳನ್ನು ಹಿಡಿದುಬಿಟ್ಟಿತ್ತು. ತೊಳೆದು ಹೊಸ ಗ್ರೀಸು ಹಾಕಿ ತಿರುಗಿಸಿದರೆ ಗಾಲಿ ನಿಲ್ಲಲೊಲ್ಲದು. ರಾಣಿಗೆಂದು ತಂದ ಗಂಜಿಯನ್ನು ಹಾಲಿನವರು ತಾವೇ ಕುಡಿದು, ಖುಷಿಯಿಂದ ಖಾನಾಪುರಕ್ಕೆ ಹೋದರು.

ನನ್ನ ಹೆಂಡತಿ ಈಗಲೂ ನನ್ನ ಫೋನು ಎತ್ತುತ್ತಾಳೆ. ಆದರೆ ಯಾರೇ ಏನೇ ತ್ರಾಸ ಹೇಳಿಕೊಂಡರೂ ಮೊದಲು ಒಂದೇ ಪ್ರಶ್ನೆ: “ನಿಂದರ್ರಿ. ಜಡ್ಡು ಯಾರಿಗೆ, ಎರಡು ಕಾಲಿನವರಿಗೋ ಎರಡು ಗಾಲಿಯವರಿಗೋ?”